ಉಡಿ ತುಂಬಿದ ಸಭೆ

ಶಿಕಾರಿಪುರದಲ್ಲಿ ನನ್ನ ಹೊಲಿಗೆ ಅಂಗಡಿ ಇರುವುದು ಮಾರುಕಟ್ಟೆ ಯಾರ್ಡಿಗೆ ಹೋಗುವ ರಸ್ತೆಯಲ್ಲಿ. ದೀಪಾವಳಿ ಕಳೆದರೆ ಸಾಕು, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರುಗಳು ನನ್ನ ಬಾಗಿಲ ಮುಂದೆಯೇ ಸಾಲು ಹಿಡಿದು ನಿಲ್ಲುತ್ತವೆ. ಅದರಲ್ಲಿ ಒಂದರಲ್ಲಾದರೂ ಸರಿಯಾಗಿ ಒಣಗದ ಮಾಲು ಇದ್ದೇ ಇರುತ್ತದೆ. ಮೇಲಿನ ತಾಡಪಾಲು ಸರಿಸಿದ ಕೂಡಲೇ ಮುಗ್ಗಲು ವಾಸನೆ ಬೀದಿಗೆಲ್ಲ ಹರಡುತ್ತದೆ. ಆಗ ಮಿಷಿನ್ನಿನ ಮೇಲಿದ್ದ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಪಕ್ಕದ ಬೇಕರಿಯವರು ಕೇಳುತ್ತಾರೆ, "ಅಕ್ಕಾ, ಹೊಟ್ಟೆ ತೊಳಸ್ತದೇನ್ರಿ? ಬಾಗ್ಲು ಮುಚ್ಚಿಕೊಳ್ರಿ." ಹೊಟ್ಟೆ ತೊಳಸುವುದಿಲ್ಲ, ಉರಿಯುತ್ತದೆ. ಸುಶೀಲಂಗೆ ಸಿಟ್ಟು ಜಾಸ್ತಿ ಅಂತ ನಮ್ಮನೆಯವರು ಕಂಡಕಂಡವರ ಹತ್ತಿರ ಹೇಳುತ್ತಾರೆ. ಜಾಸ್ತಿ ಅಲ್ಲ, ಹಳೆಯದು ಅಷ್ಟೆ.

ನಾನು ಗ್ರಾಮ ಪಂಚಾಯ್ತಿ ಮೆಂಬರಾಗಿದ್ದ ಕಾಲದ ಒಂದು ಸುಗ್ಗಿಯದು ಆ ವಾಸನೆ. ಊರಿನ ಹೆಸರು ಬೇಡ ಬಿಡಿ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ. ಕಚೇರಿ ಕೆಲಸಕ್ಕೆ ಸೊರಬ, ಸಂತೆ ವ್ಯಾಪಾರಕ್ಕೆ ಶಿಕಾರಿಪುರ ಅಂತ ಎರಡೂ ಕಡೆ ಕಾಲಿಟ್ಟುಕೊಂಡ ಊರು. ನಾನು ತಾಳಗುಂದದ ಕಡೆಯವಳು, ಮದುವೆಯಾಗಿ ಅಲ್ಲಿಗೆ ಬಂದವಳು. ಊರ ಬಾಗಿಲಲ್ಲಿ, ಟಾರ್ ರಸ್ತೆಗೆ ಹೊಂದಿಕೊಂಡೇ ಊರೊಟ್ಟಿನ ಕಣ ಇತ್ತು. ಕಣ ಅಂದರೆ ಬಡಿಯುವ, ಒಣಗಿಸುವ, ತೂರುವ ಗಟ್ಟಿ ನೆಲ. ದೊಡ್ಡ ಹಿಡುವಳಿಯವರು ತಮ್ಮ ತಮ್ಮ ಹೊಲದಲ್ಲೇ ಸಿಮೆಂಟು ಹಾಸು ಮಾಡಿಸಿಕೊಂಡಿದ್ದರು. ಎಕರೆ, ಅರ್ಧ ಎಕರೆಯವರಿಗೆ, ಗಂಡನಿಲ್ಲದೆ ಬೇರೆಯವರ ಹೊಲ ಕೋರಿಗೆ, ಅಂದರೆ ಪಾಲಿಗೆ, ಮಾಡುವ ಹೆಂಗಸರಿಗೆ ಆ ಕಣ ಬಿಟ್ಟರೆ ಗತಿಯಿರಲಿಲ್ಲ. ಸುಗ್ಗಿಗೆ ಮುಂಚೆ ಅವರೇ ಸೇರಿ ಹುಲ್ಲು ಕೆತ್ತಿ, ನೀರು ಹೊಡೆದು, ಗುಂಡು ಉರುಳಿಸಿ, ಸಗಣಿ ಬಳಿಯುತ್ತಿದ್ದರು. ಸರದಿ ಹೇಳುವವಳು ಕೊಟ್ರಮ್ಮಜ್ಜಿ. ಹಲ್ಲಿಲ್ಲ, ಆದರೆ ಅವಳ ಬಾಯಿಗೆ ಟ್ರ್ಯಾಕ್ಟರ್ ಡ್ರೈವರುಗಳೂ ಹೆದರುತ್ತಿದ್ದರು. "ನಿನ್ನ ಜೋಳ ಮೈಸೂರು ಅರಮನೆದೇನಲೇ? ಸರದಿ ಮೇಲೆ ಬಾ," ಅನ್ನುತ್ತಿದ್ದಳು.

ರಸ್ತೆ ಬದಿಯ ಜಾಗ, ಅದೂ ಇಷ್ಟಗಲ. ಕಣ್ಣು ಬೀಳದೆ ಇರುತ್ತದೆಯೇ? ನಮ್ಮ ಅಧ್ಯಕ್ಷ ಬಸವಣ್ಯಪ್ಪನವರಿಗೆ ಅಲ್ಲಿ ಮಳಿಗೆ ಕಟ್ಟಿಸಬೇಕು ಅಂತ ಬಹಳ ದಿನದ ಆಸೆ. ಒಂದು ಸಲ ಅಳತೆಗೆ ಜನ ಕರೆತಂದಿದ್ದರು. ಕೊಟ್ರಮ್ಮಜ್ಜಿ, ಅವಳ ಹಿಂದೆ ಇಪ್ಪತ್ತು ಹೆಂಗಸರು, ಕಣದ ನಡುವೆ ಕೂತುಬಿಟ್ಟರು. ಬಂದವರು ಟೇಪು ಸುತ್ತಿಕೊಂಡು ಹೋದರು. ಆಮೇಲೆ ಬಂದ ಚುನಾವಣೆಯಲ್ಲಿ ನಾನು ನಿಂತಿದ್ದೇ ಆ ಒಂದು ಮಾತಿನ ಮೇಲೆ. "ಕಣ ಹೋಗಕ್ಕೆ ಬಿಡಲ್ಲ" ಅಂತ ಮನೆ ಮನೆಗೆ ಹೋಗಿ ಹೇಳಿದೆ, ಗೆದ್ದೆ. ನನ್ನ ಜೊತೆಗೆ ಗೆದ್ದವಳು ನಿರ್ಮಲ.

ನಿರ್ಮಲ ಅಂಜನಾಪುರದವಳು. ನಾನೂ ಅವಳೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಒಂದೇ ಮಿಷಿನ್ನಿನಲ್ಲಿ ಸರದಿ ಮೇಲೆ ಹೊಲಿಗೆ ಕಲಿತವರು. ನನ್ನ ಮಗ ಮಂಜು ಚಿಕ್ಕವನಿದ್ದಾಗ ನನಗೆ ಟೈಫಾಯ್ಡ್ ಆಗಿ ಮಲಗಿದ್ದೆ, ಅಷ್ಟೂ ದಿನ ಅವನಿಗೆ ಉಣ್ಣಿಸಿ ಮಲಗಿಸಿದ್ದು ಅವಳೇ. ಅವಳ ಮನೆಯ ಹಿಟ್ಟಿನ ಡಬ್ಬಿ ಎಲ್ಲಿದೆ ಅಂತ ಅವಳ ಗಂಡನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಇಷ್ಟು ಯಾಕೆ ಹೇಳಿದೆ ಅಂದರೆ, ಹೊರಗಿನವರು ಮಾಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಆ ವರ್ಷ ಮಳೆ ಹದವಾಗಿ ಬಂದು ಹದವಾಗಿ ಹೋಗಿತ್ತು. ತೆನೆ ಒಂದೊಂದೂ ಮೊಳದುದ್ದ. ಆದರೆ ಗಡಿಯಲ್ಲಿ ಬಿಸಿ ಏರಿತ್ತು. ಟೀವಿಯಲ್ಲಿ ಬೆಳಗಿಂದ ಬೈಗಿನವರೆಗೆ ಅದೇ ಕೂಗಾಟ, ಅದೇ ಕೆಂಪು ಅಕ್ಷರ. ಮಂಜು ಸೈನ್ಯ ಸೇರಿ ನಾಲ್ಕೈದು ವರ್ಷವಾಗಿತ್ತು. ಉತ್ತರದ ಕಡೆ ಇದ್ದಾನೆ ಅನ್ನುವುದಷ್ಟೆ ನಮಗೆ ಗೊತ್ತು. ಎಲ್ಲಿ ಅಂತ ಕೇಳಿದರೆ "ಚಳಿ ಇರೋ ಕಡೆ ಕಣಮ್ಮ" ಅನ್ನುತ್ತಿದ್ದ. ಫೋನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮನೆಯವರು ಟೀವಿ ನೋಡುವುದನ್ನೇ ಬಿಟ್ಟರು. ನಾನು ಬಟ್ಟೆ ಕತ್ತರಿಸುತ್ತ ಕತ್ತರಿಸುತ್ತ ಅಳತೆ ಮರೆತು, ಯಾರದೋ ತೋಳು ಯಾರಿಗೋ ಇಟ್ಟು ಹೊಲಿದದ್ದೂ ಉಂಟು.

ಊರಿನ ಹುಡುಗರು ಬೈಕಿಗೆ ಬಾವುಟ ಕಟ್ಟಿ ಸೊರಬದವರೆಗೆ ಹೋಗಿ ಬಂದರು. ನಮ್ಮ ಮನೆ ಮುಂದೆ ನಿಲ್ಲಿಸಿ ನನಗೂ ನಮ್ಮನೆಯವರಿಗೂ ಜೈಕಾರ ಹಾಕಿದರು. ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯಾಯಿತು. ಅದನ್ನು ಬಸವಣ್ಯಪ್ಪನವರು ತಮ್ಮ ಮನೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರ ತಲೆಯಲ್ಲಿ ಆಗಲೇ ಅಡುಗೆ ಶುರುವಾಗಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು?

ವಾರ ಕಳೆಯುವುದರೊಳಗೆ ಸುದ್ದಿ ಬಂತು. ಮುಂದಿನ ಸಾಮಾನ್ಯ ಸಭೆಯಲ್ಲಿ ಯೋಧರ ನೆರವಿಗೆ ಅಂತ ಒಂದು ನಿಧಿಯ ಠರಾವು ಬರುತ್ತದೆ. ನಮ್ಮ ಪಂಚಾಯ್ತಿಯ ಊರುಗಳಿಂದ ಸೈನ್ಯಕ್ಕೆ ಹೋದವರ ಮನೆಗಳಿಗೆ ನೆರವು, ಗಡಿಗೂ ಒಂದು ಪಾಲು. ನಿಧಿಗೆ ದುಡ್ಡು ಎಲ್ಲಿಂದ? ಕಣದ ಜಾಗ ಹರಾಜು ಹಾಕಿ ಮಳಿಗೆ ಕಟ್ಟಲು ಕೊಡುವುದು, ಅದರ ಬಾಡಿಗೆ ನಿಧಿಗೆ. ಎರಡೂ ಸೇರಿ ಒಂದೇ ಠರಾವು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಣ ಬೇಕು ಅಂದವರು ಯೋಧರಿಗೆ ವಿರೋಧಿ!

ನಾನು ನೆಟ್ಟಗೆ ಬಸವಣ್ಯಪ್ಪನವರ ಮನೆಗೇ ಹೋದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. "ಬಾರವ್ವ, ಯೋಧನ ತಾಯಿ," ಅಂದರು.

"ಅದೆಲ್ಲ ಇರ್ಲಿ ಅಣ್ಣಾರೆ. ಎರಡು ವಿಷ್ಯ ಬೇರೆ ಬೇರೆ ಇಡ್ರಿ. ನೆರವಿಗೆ ಮೊದ್ಲು ಕೈ ಎತ್ತಾಕಿ ನಾನೇ. ನಮ್ಮ ಮೆಂಬರುಗಳ ಗೌರವಧನ ವರ್ಷಪೂರ್ತಿ ಅದಕ್ಕೇ ಬಿಡಾಣ. ಕಣದ ಸುದ್ದಿ ಯಾಕೆ ತರ್ತೀರಿ?"

"ದೀಪ ಬೇಕು ಎಣ್ಣಿ ಬ್ಯಾಡ ಅಂದ್ರೆ ಹೆಂಗವ್ವ? ನಮ್ಮ ಗೌರವಧನ ಅಂದ್ರೆ ಚಿಲ್ಲರೆ. ಪ್ರಾಣ ಕೊಡೋರಿಗೆ ಚಿಲ್ಲರೆ ಕೊಟ್ಟು ಅವಮಾನ ಮಾಡಬಾರ್ದು." ಎಲೆ ಮಡಚಿ ದವಡೆಗಿಟ್ಟುಕೊಂಡರು. "ನಿನ್ನ ಮಗನಿಗೇ ಮಾಡ್ತಿರೋದು. ನೀನೇ ಅಡ್ಡ ಬಂದ್ರೆ ಜನ ಏನಂತಾರೆ ಹೇಳು."

ಮಾತಿನಲ್ಲಿ ಅವರನ್ನು ಗೆಲ್ಲುವ ಹಾಗಿರಲಿಲ್ಲ. ಸಭೆಯಲ್ಲಿ ಗೆಲ್ಲಬಹುದಿತ್ತು. ನಮ್ಮದು ಹದಿಮೂರು ಮಂದಿಯ ಪಂಚಾಯ್ತಿ. ಒಬ್ಬೊಬ್ಬರನ್ನೂ ಕಂಡು ಮಾತಾಡಿಸಿದೆ. ಅಧ್ಯಕ್ಷರೂ ಸೇರಿ ಅವರ ಕಡೆ ಆರು, ನನ್ನನ್ನೂ ಸೇರಿಸಿ ನಮ್ಮ ಕಡೆ ಏಳು. ಒಂದು ಕೈ ನಮಗೆ ಹೆಚ್ಚು. ಒಂದೇ ಒಂದು ಕೈ.

ಅದರ ನಡುವೆ ಭೂಮಿ ಹುಣ್ಣಿಮೆ ಬಂತು. ನಮ್ಮ ಕಡೆ ಅವತ್ತು ಬಸುರಾದ ಪೈರಿಗೆ ಬಯಕೆ ಊಟ ಹಾಕುತ್ತೇವೆ. ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಬುತ್ತಿ, ಹತ್ತಾರು ಸೊಪ್ಪಿನ ಪಲ್ಯ ಹೊತ್ತುಕೊಂಡು ಹೊಲಕ್ಕೆ ಹೋಗಿ, ಭೂಮ್ತಾಯಿಗೆ ಎಡೆಯಿಟ್ಟು, ಅಲ್ಲೇ ಕೂತು ಉಣ್ಣುವುದು. ನಿರ್ಮಲ ಪ್ರತಿ ವರ್ಷದಂತೆ ತನ್ನ ಬುತ್ತಿ ತಗೊಂಡು ನಮ್ಮ ಹೊಲಕ್ಕೇ ಬಂದಳು. ನಾವಿಬ್ಬರೂ ಒಂದೇ ಬಾಳೆಲೆಯಲ್ಲಿ ಉಂಡೆವು. ಉಣ್ಣುತ್ತ ಕೇಳಿದೆ.

"ನಿರ್ಮಲಾ, ನೀ ಗಟ್ಟಿ ಅದೀ ಅಲ್ವೇನೆ?"

"ಭೂಮ್ತಾಯಿ ಎದುರಿಗೆ ಉಣ್ತಾ ಇದ್ದೀನಿ ಕಣೆ ಮಾರಾಯ್ತಿ, ಇಂಥ ಮಾತು ಕೇಳ್ತೀಯಲ್ಲ," ಅಂತ ನನ್ನ ತೊಡೆಗೆ ಹೊಡೆದಳು. "ನನ್ನ ಕೈ ನಿನಗಿಂತ ಮೇಲೆ ಇರ್ತದೆ ನೋಡ್ತಿರು."

ಆ ಎಲೆಯ ಮುಂದೆ ಕೂತು ಸುಳ್ಳು ಹೇಳುವವರು ನಮ್ಮ ಕಡೆ ಇಲ್ಲ. ಅವಳು ಹೇಳಿದ್ದು ಸುಳ್ಳೂ ಆಗಲಿಲ್ಲ, ಅದೇ ಅದರ ವಿಷ. ಆ ದಿನ ನಾನು ಅವಳಿಗೆ ಎಲ್ಲ ಹೇಳಿದೆ. ಯಾರು ಯಾರು ಒಪ್ಪಿದ್ದಾರೆ, ಯಾರು ಹೆದರುತ್ತಿದ್ದಾರೆ, ಎಷ್ಟು ಕೈ. ನನ್ನ ಸಂಕಟವನ್ನೂ ಹೇಳಿದೆ. ಮಂಜುವಿನ ಫೋನು ಬಾರದೆ ಬಹಳ ದಿನವಾಯಿತು, ಹಾಲು ಒಡೆದರೂ ಎದೆ ಹೊಡೆದುಕೊಳ್ಳುತ್ತದೆ, ಬೆಕ್ಕು ಅಡ್ಡ ಬಂದರೂ ವಾಪಸು ಬರುತ್ತೇನೆ ಅಂದೆ. ಅವಳು ನನ್ನ ಬೆನ್ನು ಸವರಿದಳು.

ಸಭೆಗೆ ಮುಂಚೆ ಒಂದು ದಿನ ಅಂಗಡಿಗೆ ಬಂದಳು. ಆಗ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಾರಲು ಒಂದಷ್ಟು ಬ್ಲೌಸ್ ಪೀಸು ಇಟ್ಟಿರುತ್ತಿದ್ದೆ. "ಒಳ್ಳೇದೊಂದು ಆರಿಸಿ ಕೊಡೆ. ಒಬ್ಬರಿಗೆ ಉಡಿ ತುಂಬೋದೈತೆ," ಅಂದಳು. ಎಲೆಹಸಿರು ಮೈ, ಕುಂಕುಮದ ಬಣ್ಣದ ಅಂಚು ಇದ್ದದ್ದು ಒಂದೇ ಒಂದಿತ್ತು. ನನಗೇ ಇಟ್ಟುಕೊಳ್ಳೋಣ ಅಂತಿದ್ದೆ. ಅವಳಿಗೆ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. "ಯಾರಿಗೇ?" ಅಂದರೆ, "ಒಬ್ಬ ಪುಣ್ಯಗಿತ್ತಿಗೆ" ಅಂತ ನಕ್ಕಳು.

ಸಭೆಯ ದಿನ ಪಂಚಾಯ್ತಿ ಆಫೀಸಿನ ಜಗುಲಿ ತುಂಬ ಜನ. ಕಣದ ಹೆಂಗಸರು ಕೆಲಸ ಬಿಟ್ಟು ಬಂದು ಬಾಗಿಲಿಗೆ ಮುತ್ತಿಗೆ ಹಾಕಿದಂತೆ ನಿಂತಿದ್ದರು, ಮುಂದೆ ಕೊಟ್ರಮ್ಮಜ್ಜಿ. ಬೈಕಿನ ಹುಡುಗರು ಕಿಟಕಿಗಳಲ್ಲಿ. ಒಳಗೆ ಉದ್ದ ಮೇಜಿನ ಆಚೆ ಈಚೆ ನಾವು ಮೆಂಬರುಗಳು. ನನ್ನ ಎಡಕ್ಕೆ ನಿರ್ಮಲ, ಬಲಕ್ಕೆ ಬಸವಣ್ಯಪ್ಪನವರ ಕಡೆಯ ಒಬ್ಬರು. ನಮ್ಮ ಕಡೆಯ ಮಿಕ್ಕವರೆಲ್ಲ ಮೇಜಿನ ಆಚೆ. ಯಾರು ಎಲ್ಲಿ ಕೂರಬೇಕು ಅಂತ ಕುರ್ಚಿಗೆ ಹೆಸರು ಅಂಟಿಸಿದ್ದರು. ಇದೇನು ಹೊಸ ಶೋಕಿ ಅಂದುಕೊಂಡು ಸುಮ್ಮನೆ ಕೂತೆ.

ಪಿಡಿಒ ಹಾಜರಾತಿ ಮುಗಿಸಿದರು. ಬಸವಣ್ಯಪ್ಪನವರು ಎದ್ದು ನಿಂತರು. "ವಿಷಯಕ್ಕೆ ಹೋಗೋ ಮುಂಚೆ ಒಂದು ಶುಭಕಾರ್ಯ ಆಗಬೇಕು," ಅಂದರು. ಬಾಗಿಲ ಕಡೆಯಿಂದ ಅವರ ಹೆಂಡತಿ, ಜೊತೆಗೆ ಇನ್ನಿಬ್ಬರು ಮುತ್ತೈದೆಯರು, ತಟ್ಟೆ ಹಿಡಿದು ಬಂದರು. "ಗಡಿ ಕಾಯೋ ಮಗನ್ನ ಹೆತ್ತ ಹೊಟ್ಟೆ. ಅವನಿಗೆ ಒಳ್ಳೇದಾಗ್ಲಿ ಅಂತ ಊರಿನ ಪರವಾಗಿ ಸುಶೀಲಮ್ಮಂಗೆ ಉಡಿ ತುಂಬ್ತೀವಿ." ಕಿಟಕಿಯ ಹುಡುಗರು ಚಪ್ಪಾಳೆ ಹೊಡೆದರು. ಹೆಂಗಸರ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಮಗನ ಹೆಸರಲ್ಲಿ ಉಡಿ ತುಂಬುತ್ತೇವೆ ಅಂದರೆ ಬೇಡ ಅನ್ನುವ ತಾಯಿ ಇದ್ದಾಳೆಯೇ? ಸೆರಗು ಒಡ್ಡಿದೆ.

ಅಕ್ಕಿ ಹಾಕಿದರು. ನಮ್ಮಲ್ಲಿ ಐದು ಹಿಡಿ ಹಾಕುವ ರೂಢಿ. ಇವರು ಮೂವರೂ ಐದೈದು ಸಲ ಎರಡೂ ಕೈ ತುಂಬ ಬೊಗಸೆ ಬೊಗಸೆ ಸುರಿದರು. ಐದು ಕೊಬ್ಬರಿ ಗಿಟಕು, ಎರಡು ತೆಂಗಿನಕಾಯಿ, ಬೆಲ್ಲದ ಅಚ್ಚು, ಬಾಳೆಹಣ್ಣಿನ ಚಿಪ್ಪು. ಸೆರಗು ಜಗ್ಗಿ ತೊಡೆಯ ಮೇಲೆ ಕೂತಿತು, ಎರಡು ಕೈಯಲ್ಲೂ ಬಿಗಿ ಹಿಡಿದೆ. ಉಡಿ ತುಂಬಿಸಿಕೊಂಡವಳು ಅದನ್ನು ಮನೆಗೆ ಒಯ್ದು ದೇವರ ಮುಂದೆ ಇಳಿಸುವ ತನಕ ಕೆಳಗಿಡುವಂತಿಲ್ಲ, ಒಂದು ಕಾಳು ಚೆಲ್ಲುವಂತಿಲ್ಲ. ಯಾರ ಹೆಸರಲ್ಲಿ ತುಂಬಿದರೋ ಅವರ ಆಯಸ್ಸು ಅದು. ಕೊನೆಗೆ ಬ್ಲೌಸ್ ಪೀಸು ಇಟ್ಟರು.

ಎಲೆಹಸಿರು ಮೈ, ಕುಂಕುಮದಂಚು.

ಮಗ್ಗುಲಲ್ಲಿದ್ದ ನಿರ್ಮಲನ ಕಡೆ ತಿರುಗಿದೆ. ಅವಳು ಫ್ಯಾನು ನೋಡುತ್ತಿದ್ದಳು. ತಿರುಗದೆ ನಿಂತಿದ್ದ ಫ್ಯಾನನ್ನು ಅಷ್ಟು ಹೊತ್ತು ಯಾರಾದರೂ ನೋಡುತ್ತಾರಾ? ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಕುರ್ಚಿಗೆ ಅಂಟಿಸಿದ ಹೆಸರು ತಿಳಿಯಿತು, ಬೊಗಸೆ ಬೊಗಸೆ ಅಕ್ಕಿ ತಿಳಿಯಿತು. ಬೆಕ್ಕು ಅಡ್ಡ ಬಂದರೂ ವಾಪಸು ಬರುವ ಹೆಂಗಸು ಮಗನ ಉಡಿಯನ್ನು ಚೆಲ್ಲಲಾರಳು ಅಂತ ಬಸವಣ್ಯಪ್ಪನವರಿಗೆ ಯಾರು ಹೇಳಿದ್ದು ಅನ್ನುವುದೂ ತಿಳಿಯಿತು.

ಪಿಡಿಒ ಠರಾವು ಓದಿದರು. ಅಧ್ಯಕ್ಷರು, "ಪರವಾಗಿ ಇರೋರು ಕೈ ಎತ್ತಿ," ಅಂದರು. ಐದು ಕೈ, ಜೊತೆಗೆ ಅವರದು. "ವಿರೋಧ ಇರೋರು?" ಮೇಜಿನ ಆಚೆ ನಮ್ಮವರ ಐದು ಕೈ ಎದ್ದವು.

"ನಂದು ವಿರೋಧ ಐತೆ!" ಅಂತ ಕೂಗಿದೆ.

"ಬಾಯಿಮಾತು ನಡವಳಿಗೆ ಬರಲ್ಲವ್ವ. ಎಲ್ಲಾರಂಗೆ ಕೈ ಎತ್ತು," ಅಂದರು ಬಸವಣ್ಯಪ್ಪ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ನಿರ್ಮಲಾ, ಈ ತುದಿ ಹಿಡಿಯೇ. ಒಂದು ಕೈಲಿ ಹಿಡಿ, ಒಂದು ಕೈ ಎತ್ತು. ನಿನ್ನ ಕಾಲಿಗೆ ಬೀಳ್ತೀನಿ."

ನಿರ್ಮಲ ಕೈ ಎತ್ತಿದಳು. ಭೂಮಿ ಹುಣ್ಣಿಮೆಯ ದಿನ ಹೇಳಿದಂತೆಯೇ, ಎಲ್ಲರಿಗಿಂತ ಮೇಲೆ, ಜಗುಲಿಯ ಹೆಂಗಸರಿಗೆಲ್ಲ ಕಾಣುವ ಹಾಗೆ. ಇನ್ನೊಂದು ಕೈ ಮೇಜಿನ ಮೇಲೆ ಇತ್ತು. ಅಲ್ಲಿಂದ ನನ್ನ ಸೆರಗಿಗೆ ಒಂದು ಗೇಣು. ಆ ಕೈ ಅಲ್ಲೇ ಇತ್ತು, ಅಲುಗಲಿಲ್ಲ.

ನಾನು ಬಲಗೈ ಬಿಟ್ಟೆ. ಬಿಟ್ಟ ಕೂಡಲೇ ಸೆರಗಿನ ತುದಿ ಜಾರಿ ಅಕ್ಕಿ ಸರ್ರನೆ ಇಳಿಯತೊಡಗಿತು. ಬಾಗಿಲಲ್ಲಿ ಕೊಟ್ರಮ್ಮಜ್ಜಿ ಚೀರಿದಳು, "ಬಿಡಬ್ಯಾಡ ಸುಶೀಲವ್ವಾ! ಮಗ ಗಡಿಯಾಗೆ ಅದಾನೆ! ಹಾಳಾಗಿ ಹೋಗ್ಲಿ ಕಣ, ಹಿಡಕೋ!" ಅವಳ ಹಿಂದೆ ಎಲ್ಲ ಹೆಂಗಸರೂ "ಹಿಡಕೋ, ಹಿಡಕೋ" ಅಂತ ಕೂಗಿದರು. ಯಾರ ಅನ್ನಕ್ಕಾಗಿ ನಾನು ಆ ಕುರ್ಚಿಯಲ್ಲಿ ಕೂತಿದ್ದೆನೋ ಅವರೇ ಕೂಗಿದರು. ನನ್ನ ಕೈ ತಾನಾಗಿ ವಾಪಸು ಬಂತು. ಹಿಡಿದುಕೊಂಡೆ.

ಆರಕ್ಕೆ ಆರು. ಸಮ ಬಂದರೆ ಅಧ್ಯಕ್ಷರದು ಇನ್ನೊಂದು ಮತ. ಹಾಕಿದರು, ಠರಾವು ಪಾಸಾಯಿತು. ಹುಡುಗರು ಜೈಕಾರ ಹಾಕಿದರು. ನಾನು ಆ ಉಡಿ ಹೊತ್ತು ಮನೆಗೆ ನಡೆದೆ. ದೇವರ ಮುಂದೆ ಇಳಿಸಿ, ಅಲ್ಲೇ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ. ನಮ್ಮನೆಯವರು ನೆಲದ ಮೇಲೆ ಉದುರಿದ್ದ ಕಾಳನ್ನು ಒಂದೊಂದಾಗಿ ಆರಿಸಿದರು.

ಮಾರನೆಯ ದಿನ ನಿರ್ಮಲನ ಬಾಗಿಲಿಗೆ ಹೋದೆ. ಹಿಂಗೆ ಯಾಕೆ ಮಾಡಿದೆ ಅಂತ ಕೇಳಿದೆ. ರೊಟ್ಟಿ ತಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ನಾ ಏನು ಮಾಡಿದೆ? ಕೈ ಎತ್ತಿದ್ದು ಊರಿಗೆ ಊರೇ ನೋಡೈತೆ. ಎತ್ತದೆ ಇದ್ದಾಕಿ ನೀನು."

"ಬ್ಲೌಸ್ ಪೀಸು?"

"ನಿನ್ನ ಮಗನಿಗೆ ಒಳ್ಳೇದಾಗ್ಲಿ ಅಂತ ಕೊಟ್ಟೆ. ಅದೂ ತಪ್ಪೇನೆ?" ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಕೂರು, ಬಿಸಿದು ಹಾಕ್ತೀನಿ."

ಆ ಮನೆಯ ಮೆಟ್ಟಿಲು ಇಳಿದವಳು ಮತ್ತೆ ಹತ್ತಲಿಲ್ಲ. ಮುಂದಿನ ಅವಧಿಗೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು ಬಂತು, ಬಸವಣ್ಯಪ್ಪನವರ ಕಡೆಯ ಕೈಗಳೆಲ್ಲ ನಿರ್ಮಲನಿಗೆ ಎದ್ದವು. ಅದು ಆಮೇಲಿನ ಮಾತು.

ನಾನು ಸುಮ್ಮನೆ ಕೂರಲಿಲ್ಲ. ಸೊರಬಕ್ಕೆ ಹೋಗಿ ತಾಲ್ಲೂಕು ಪಂಚಾಯ್ತಿಯ ದೊಡ್ಡ ಸಾಹೇಬರನ್ನು ಕಂಡೆ. ಪಾಪ, ಕೂರಿಸಿ ನೀರು ಕೊಟ್ಟು ಎಲ್ಲ ಕೇಳಿದರು. "ಅಮ್ಮಾ, ಸಭೆ ಕ್ರಮವಾಗಿ ನಡೆದಿದೆ. ನೀವು ಕೈ ಎತ್ತಿಲ್ಲ. ಉಡಿ ತುಂಬಿದ್ರು ಅನ್ನೋದನ್ನ ನಾನು ಯಾವ ಕಾನೂನಿನಲ್ಲಿ ಬರೀಲಿ?" ಅಂದರು. ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂತು, ಬಂದ ಬಸ್ಸುಗಳನ್ನೆಲ್ಲ ಹಾಗೇ ಬಿಟ್ಟೆ.

ಆ ಸುಗ್ಗಿಯಲ್ಲಿ ಜೇಸಿಬಿ ಬಂತು. ಸಗಣಿ ಬಳಿದ ನೆಲ ಚಪ್ಪಡಿ ಚಪ್ಪಡಿಯಾಗಿ ಎದ್ದಿತು. ತೆನೆ ಮುರಿಯುವ ಹೊತ್ತು, ಜೋಳ ಎಲ್ಲಿ ಹಾಕಬೇಕು? ಹೆಂಗಸರು ಅಂಗಳದಲ್ಲಿ ಹಾಕಿ ನೋಡಿದರು, ಮಾಡಿನ ಮೇಲೆ ಹಾಕಿ ನೋಡಿದರು. ಅಕಾಲದಲ್ಲಿ ಒಂದು ಮಳೆ ಹೊಡೆಯಿತು. ರಾಶಿಯೊಳಗೆ ಕೈ ಇಟ್ಟರೆ ಸುಡುತ್ತಿತ್ತು, ಮೊಳಕೆ ಬಂದಿತ್ತು. ಊರೆಲ್ಲ ಆ ಮುಗ್ಗಲು ವಾಸನೆ. ಶಿಕಾರಿಪುರದ ಯಾರ್ಡಿನಲ್ಲಿ ಅದನ್ನು ಯಾರೂ ಮೂಸಿ ನೋಡಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಬದಲಿಗೆ, "ಮಂಜನ ಫೋನು ಬಂತೇನವ್ವ?" ಅಂತ ಕೇಳುತ್ತಿದ್ದರು. ಬಂದಿದೆ ಅಂದರೆ, "ಅಷ್ಟು ಸಾಕು ಬಿಡು" ಅನ್ನುತ್ತಿದ್ದರು. ಆ ಮಾತಿನ ಬಲದ ಮೇಲೆ ನಾನು ಊರಲ್ಲಿ ತಲೆ ಎತ್ತಿ ತಿರುಗಿದೆ.

ಯೋಧರ ನಿಧಿ ಏನಾಯಿತು ಅಂತೀರಾ? ಊರ ಬಾಗಿಲಲ್ಲಿ ಒಂದು ಕಮಾನು ಎದ್ದಿತು. ಅದರ ಮೇಲೆ ಎರಡು ಕಡೆ ರಾಜಕೀಯದವರ ದೊಡ್ಡ ದೊಡ್ಡ ಮುಖ, ನಡುವೆ ಬಂದೂಕು ಹಿಡಿದ ಒಂದು ಸಣ್ಣ ಗೊಂಬೆ. ಒಂದು ವರ್ಷ ಶಾಲು ಹೊದಿಸಿದರು. ಆಮೇಲೆ ಶಾಲೂ ಇಲ್ಲ.

ಗಡಿ ತಣ್ಣಗಾಯಿತು. ಅಷ್ಟು ಹೊತ್ತಿಗೆ ಮಳಿಗೆಗಳು ಎದ್ದಿದ್ದವು. ಮಂಜು ರಜೆಗೆ ಬಂದ. ತೆಳ್ಳಗಾಗಿದ್ದ, ಕೆನ್ನೆ ಚಳಿಗೆ ಒಡೆದು ಕಪ್ಪಾಗಿತ್ತು. ಬಾಗಿಲಲ್ಲಿ ಅವನ ತಲೆ ಮುಟ್ಟಿ ಮುಟ್ಟಿ ನೋಡಿದೆ. ಉಡಿ ಹಿಡಿದದ್ದು ಸಾರ್ಥಕ ಅಂತ ಅವತ್ತು ಒಂದು ದಿನ ಮನಸ್ಸಿಗೆ ನೆಮ್ಮದಿಯಾಯಿತು. ಒಂದೇ ದಿನ.

ಎರಡನೆಯ ದಿನ ಬಸವಣ್ಯಪ್ಪನವರ ಮನೆಯಿಂದ ಕರೆ ಬಂತು, ಹೋಗಿ ಬಂದ. ಊಟಕ್ಕೆ ಕೂತಾಗ ಹೇಳಿದ. "ಅಮ್ಮ, ರಸ್ತೆ ಮುಖದ ಮಳಿಗೆ ಒಂದು ನಮಗೆ ಕೊಡ್ತಾರಂತೆ. ಯೋಧರ ಕೋಟಾದಲ್ಲಿ."

ಸಾರಿನ ಸೌಟು ನನ್ನ ಕೈಯಲ್ಲೇ ಉಳಿಯಿತು. "ಆ ಜಾಗ ಯಾವ್ದು ಗೊತ್ತೇನೋ?"

"ಗೊತ್ತು. ನಿರ್ಮಲತ್ತೆ ಎಲ್ಲ ಹೇಳಿದ್ರು."

"ಏನು ಹೇಳಿದ್ಲು?"

"ನೀನು ವಿರೋಧ ಮಾಡ್ಲಿಲ್ಲ ಅಂತ. ನನ್ನ ಮುಂದಿಂದು ಯೋಚನೆ ಮಾಡಿ ಸುಮ್ನೆ ಕೂತೆ ಅಂತ. ಒಳ್ಳೇದೇ ಮಾಡ್ದೆ ಬಿಡು."

ಉಡಿಯ ಕಥೆ ಹೇಳಿದೆ. ಅಕ್ಕಿ ಜಾರಿದ್ದು, ಕೊಟ್ರಮ್ಮಜ್ಜಿ ಕೂಗಿದ್ದು, ಎಲ್ಲ. ಅವನು ಕೇಳಿದ, ಕೇಳಿ ನಕ್ಕ. ಕೆಟ್ಟ ನಗು ಅಲ್ಲ, ಮಗುವಿಗೆ ನಗುವ ಹಾಗೆ. "ಅಯ್ಯೋ ಅಮ್ಮ, ಅಕ್ಕಿ ಚೆಲ್ಲಿದ್ರೆ ನನಗೇನು ಗುಂಡು ಬೀಳ್ತಿತ್ತಾ? ಹೋದ ಜಾಗ ಹೋಯ್ತು. ನಾವು ಬ್ಯಾಡ ಅಂದ್ರೆ ಬೇರೆ ಯಾರೋ ತಗೋತಾರೆ. ನಾನು ರಿಟೈರಾಗಿ ಬಂದ್ಮೇಲೆ ಏನು ಮಾಡ್ಲಿ, ಹೇಳು?"

"ಬ್ಯಾಡ ಕಣೋ. ನಿನಗೆ ಕೈ ಮುಗೀತೀನಿ, ಅದೊಂದು ಬ್ಯಾಡ."

ಅವನು ತಟ್ಟೆಯಲ್ಲಿ ಕೈ ತೊಳೆದು ಎದ್ದ. ರಜೆ ಮುಗಿಯುವುದರೊಳಗೆ ಮಳಿಗೆ ಅವನ ಹೆಸರಿಗಾಯಿತು. ಅದನ್ನು ಗೊಬ್ಬರದ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟು ಹೋದ. ಬೋರ್ಡಿನ ಮೇಲೆ 'ಯೋಧ' ಅಂತ ಬರೆಸಿದ. ಅವನ ಜೀವ ಅಂತ ನಾನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತೆ, ಅವನು ಎದ್ದು ಹೋಗಿ ಅದಕ್ಕೆ ಬೆಲೆ ಕಟ್ಟಿಸಿಕೊಂಡು ಬಂದ. ಹೆತ್ತ ಮಗನ ಬಗ್ಗೆ ಹೀಗೆ ಬರೆಯಬಾರದು, ಬರೆಯುತ್ತಿದ್ದೇನೆ. ಅವನ ಮೇಲಿನ ಪ್ರೀತಿ ಒಂದು ಹನಿ ಕಮ್ಮಿಯಾಗಿಲ್ಲ. ಕಮ್ಮಿಯಾಗಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ.

ಊರಿನವರು ಮಂಜನ ಫೋನಿನ ಸುದ್ದಿ ಕೇಳುವುದನ್ನು ನಿಲ್ಲಿಸಿದರು. ಜಗಳವಿಲ್ಲ, ಬೈಗುಳವಿಲ್ಲ. ಬಾವಿಯ ಹತ್ತಿರ ನಾನು ಹೋದರೆ ಮಾತು ಬದಲಾಗುತ್ತಿತ್ತು. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಒಬ್ಬೊಬ್ಬರಾಗಿ ಹಾಗೇ ವಾಪಸು ಒಯ್ದರು. ನನ್ನ ಮೆಂಬರಗಿರಿಯ ಅವಧಿ ಮುಗಿದ ಮೇಲೆ ನಮ್ಮನೆಯವರು, "ನಡಿ, ಶಿಕಾರಿಪುರದಾಗೆ ಒಂದು ಬಾಡಿಗೆ ಮನೆ ನೋಡೀನಿ," ಅಂದರು. ಮಿಷಿನ್ನು ಹೇರಿಕೊಂಡು ಬಂದುಬಿಟ್ಟೆವು.

ಹೋದ ವಾರ ಸೊರಬದಲ್ಲಿ ಒಂದು ಮದುವೆಗೆ ಹೊರಟಿದ್ದೆ. ನಮ್ಮೂರ ಹತ್ತಿರ ಬಸ್ಸು ನಿಧಾನವಾಯಿತು. ಟಾರ್ ರಸ್ತೆಯ ಅರ್ಧಕ್ಕೆ ಉದ್ದಕ್ಕೂ ಜೋಳ ಹರಡಿದ್ದರು, ಅಂಚಿಗೆ ಕಲ್ಲು ಸಾಲಾಗಿಟ್ಟಿದ್ದರು. ಎದುರಿನಿಂದ ಒಂದು ಲಾರಿ ಬಂದು ಎರಡೂ ಮುಖಾಮುಖಿ ನಿಂತವು. ಲಾರಿ ಡ್ರೈವರು ಇಳಿದು ಬೈಯತೊಡಗಿದ. ಬೈಗುಳಕ್ಕೆ ಉತ್ತರ ಕೊಡುತ್ತಿದ್ದ ದನಿ ನನಗೆ ಗೊತ್ತು. ಇಳಿದೆ.

ಕೊಟ್ರಮ್ಮಜ್ಜಿ ಇನ್ನೂ ಕುಗ್ಗಿದ್ದಳು. ಒಂದು ಕಾಲು ಎಳೆಯುತ್ತಿದ್ದಳು. ಹೋದ ಸುಗ್ಗಿಯಲ್ಲಿ ಇದೇ ರಸ್ತೆಯ ಮೇಲೆ ಬೈಕಿನವನೊಬ್ಬ ತಾಗಿಸಿ ಹೋದನಂತೆ. ನನ್ನನ್ನು ನೋಡಿ ಗುರುತು ಹಿಡಿದಳು. "ಓ, ಸುಶೀಲವ್ವ. ಮಗ ಹೆಂಗದಾನೆ?"

"ಚೆನ್ನಾಗದಾನೆ ಅಜ್ಜಿ."

"ಇರ್ಲಿ, ನೂರ್ಕಾಲ ಇರ್ಲಿ." ಕಾಲಿನಿಂದ ಜೋಳ ಕೆದಕಿ ಸಾಲು ಎಳೆದಳು, ನಿಂತಳು. "ಒಂದು ಮಾತು ಕೇಳ್ಲೇನವ್ವ? ಬ್ಯಾಸರ ಮಾಡ್ಕಬ್ಯಾಡ."

"ಕೇಳು ಅಜ್ಜಿ."

"ಅವತ್ತು ನಾ ಕೂಗದೆ ಇದ್ರೂ ನೀ ಕೈ ಎತ್ತತಿರ್ಲಿಲ್ಲ, ಅಲ್ವ? ಸುಮ್ನೆ ನಾ ಗಂಟ್ಲು ಹರ್ಕಂಡೆ."

"ಎತ್ತತಿದ್ದೆ ಅಜ್ಜಿ. ನನ್ನ ಮಗನ ಆಣೆ, ಎತ್ತತಿದ್ದೆ."

ಅವಳು ನನ್ನನ್ನು ಒಂದು ಸಲ ಪೂರ್ತಿ ನೋಡಿದಳು. "ಹೂಂ ಬಿಡವ್ವ. ಮಗನ ಮ್ಯಾಲೆ ಯಾಕೆ ಆಣೆ ಹಾಕ್ತಿ, ಪಾಪ," ಅಂದಳು. ಕಾಲೆಳೆಯುತ್ತ ಜೋಳದ ಆಚೆ ತುದಿಗೆ ಹೋದಳು. ಕಂಡಕ್ಟರು ಸೀಟಿ ಊದಿದ. ನಾನು ಕಾಳು ತುಳಿಯದಂತೆ ಅಂಚಿನಲ್ಲಿ ನಡೆದು ಬಸ್ಸು ಹತ್ತಿದೆ.